ಕುದುರೆ ಮೇಲೆ ಲಾಗ ಹಾಕುತ್ತಾರೆ, ಜೀಬ್ರಾ ಮೇಲೆ ಯಾಕಿಲ್ಲ?

ರಂಗದ ಮಂಜ

ಒಂದು ನಾಟಕ ಬರೆಯುತ್ತಿದ್ದೇನೆ. ಅದರಲ್ಲಿ ಸರ್ಕಸ್ಸಿನ ಪ್ರಾಣಿ ತರಬೇತುದಾರನೊಬ್ಬ ಬರುತ್ತಾನೆ. ಅವನ ಹತ್ತಿರ ಆನೆ, ಹುಲಿ ಇಲ್ಲ, ಬರೀ ಜೀಬ್ರಾಗಳು. ಅದಕ್ಕಾಗಿ ಹಳೆಯ ಸರ್ಕಸ್ ವಿಡಿಯೋಗಳನ್ನು ಕೂತು ನೋಡಿದೆ. ಒಂದು ವಿಷಯ ತಲೆ ಕೊರೆಯುತ್ತಿದೆ. ಕುದುರೆ ಬಂದರೆ ಅದರ ಬೆನ್ನ ಮೇಲೆ ಜನ ನಿಲ್ಲುತ್ತಾರೆ, ಲಾಗ ಹಾಕುತ್ತಾರೆ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಏರುತ್ತಾರೆ. ಜೀಬ್ರಾಗಳು ಬಂದರೆ ಸಾಲಾಗಿ ಸುತ್ತು ಓಡುತ್ತವೆ, ಒಮ್ಮೆ ತಿರುಗಿ ಎದುರು ದಿಕ್ಕಿಗೆ ಓಡುತ್ತವೆ, ಅಷ್ಟೇ, ಆಟ ಮುಗೀತು. ಯಾರೂ ಹತ್ತುವುದಿಲ್ಲ. ಮೈ ಸವರುವುದು ಕೂಡ ಕಾಣಲಿಲ್ಲ. ಜೀಬ್ರಾಗೆ ಬುದ್ಧಿ ಕಡಿಮೆಯಾ? ಅಥವಾ ಕಲಿಸುವವರಿಗೆ ತಾಳ್ಮೆ ಸಾಲದಾ? ಗೊತ್ತಿರುವವರು ಹೇಳಿ.

ಜೀನು ಲಗಾಮು

ಬುದ್ಧಿ ಕಡಿಮೆ ಅನ್ನುವುದನ್ನು ಮೊದಲು ಪಕ್ಕಕ್ಕಿಡಿ. ನಾನು ಕುದುರೆಗಳ ಜೊತೆ ಕೆಲಸ ಮಾಡುವವನು, ಜೀಬ್ರಾಗಳನ್ನೂ ಹತ್ತಿರದಿಂದ ನೋಡಿದ್ದೇನೆ. ಅವು ಬೇಗ ಕಲಿಯುತ್ತವೆ. ನಮಗೆ ಬೇಡವಾದದ್ದನ್ನು ಇನ್ನೂ ಬೇಗ ಕಲಿಯುತ್ತವೆ. ಒಂದು ಸಲ ಹಗ್ಗ ಜಗ್ಗಿ ತಪ್ಪಿಸಿಕೊಂಡರೆ ಆಯಿತು, ಆಮೇಲೆ ಹಗ್ಗ ಕಂಡಾಗಲೆಲ್ಲ ಜಗ್ಗುತ್ತವೆ.

ಸವಾರಿ ಮಾಡದಿರುವುದಕ್ಕೆ ಮೈಕಟ್ಟು ಒಂದು ಕಾರಣ. ಕುದುರೆಗೆ ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಏರು ಇರುತ್ತದೆ. ಜೀನನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವುದು ಅದೇ. ಜೀಬ್ರಾಗೆ ಆ ಏರು ಇಲ್ಲ ಅನ್ನುವಷ್ಟು ಕಡಿಮೆ. ಹೊಟ್ಟೆಯೋ ಗುಂಡಗೆ. ಎಷ್ಟು ಬಿಗಿದರೂ ಜೀನು ಜಾರುತ್ತದೆ. ಕತ್ತು ದಪ್ಪ, ಗಿಡ್ಡ, ಬಿರುಸು. ಲಗಾಮು ಎಳೆದರೆ ಕುದುರೆ ತಲೆ ತಿರುಗಿಸುತ್ತದೆ, ಜೀಬ್ರಾ ಕತ್ತು ಬಿಗಿ ಹಿಡಿದು ನೆಟ್ಟಗೇ ನಡೆಯುತ್ತದೆ. ಮೇಲಾಗಿ ಬಯಲು ಜೀಬ್ರಾ ಭುಜದ ಹತ್ತಿರ ಸುಮಾರು 1.3 ಮೀಟರ್ ಎತ್ತರ, ಅಂದರೆ ಪೋನಿ ಅನ್ನುವ ಗಿಡ್ಡ ಜಾತಿ ಕುದುರೆಯ ಗಾತ್ರ. ಬೆಳೆದ ಮನುಷ್ಯ ಅದರ ಮೇಲೆ ಎದ್ದು ನಿಂತು ಆಟ ಆಡುವುದು ದೂರದ ಮಾತು.

ನೀವು ನೋಡಿದ ಆಟಕ್ಕೆ ಸರ್ಕಸ್ಸಿನವರು ಲಿಬರ್ಟಿ ಅನ್ನುತ್ತಾರೆ. ಹಗ್ಗ ಇಲ್ಲ, ಸವಾರ ಇಲ್ಲ. ತರಬೇತುದಾರ ನಡುವೆ ನಿಂತು ತನ್ನ ನಿಲುವು, ದನಿ, ಉದ್ದ ಚಾಟಿ ಇಷ್ಟರಿಂದಲೇ ನಡೆಸುತ್ತಾನೆ. ರಿಂಗಿನ ಅಗಲ 42 ಅಡಿ, ಸುಮಾರು 13 ಮೀಟರ್. ಲಂಡನ್ನಿನಲ್ಲಿ 1768ರಲ್ಲಿ ಕುದುರೆ ಸವಾರಿಯ ಆಟ ಶುರು ಮಾಡಿದ ಫಿಲಿಪ್ ಆಸ್ಟ್ಲಿಯ ಕಡೆಯಿಂದ ಬಂದ ಅಳತೆ ಅದು. ಆ ಸುತ್ತಿನಲ್ಲಿ ಕುದುರೆ ಓಡಿದರೆ ಬೆನ್ನ ಮೇಲೆ ನಿಂತವನಿಗೆ ಸಮತೋಲ ಸಿಗುತ್ತದೆ. ಜೀಬ್ರಾಗೆ ಅದೇ ಸುತ್ತು ಬೇರೆ ಕಾರಣಕ್ಕೆ ಒಳ್ಳೆಯದು. ಅಲ್ಲಿ ಮೂಲೆ ಇಲ್ಲ. ಮೂಲೆಗೆ ಸಿಕ್ಕಿಬಿದ್ದೆ ಅಂತ ಅನಿಸಿದರೆ ಜೀಬ್ರಾ ಓಡುವುದನ್ನು ಬಿಟ್ಟು ಒದೆಯಲು ನಿಲ್ಲುತ್ತದೆ.

ಹುಲ್ಲುಬಯಲು

ಮೈಕಟ್ಟಿಗಿಂತ ದೊಡ್ಡ ಕಾರಣ ವಂಶದಲ್ಲಿದೆ. ಇವತ್ತಿನ ಸಾಕು ಕುದುರೆಗಳ ಮೂಲ ವೋಲ್ಗಾ ಮತ್ತು ಡಾನ್ ನದಿಗಳ ಕಡೆಯ ಹುಲ್ಲುಗಾವಲು, ಕಾಲ ಸುಮಾರು 4,200 ವರ್ಷಗಳ ಹಿಂದೆ. ಹಳೆಯ ಮೂಳೆಗಳ ಡಿಎನ್‌ಎಯಿಂದ ತಿಳಿದ ವಿಷಯ ಇದು. ಅಲ್ಲಿಂದ ಇಲ್ಲಿಯವರೆಗೆ ಜನ ಏನು ಮಾಡಿದರು? ಕಚ್ಚುವ, ಬೆದರುವ ಕುದುರೆಯಿಂದ ಮರಿ ತೆಗೆಯುವುದನ್ನು ಬಿಟ್ಟರು. ಸಾಧು ಕುದುರೆಗೆ ಮರಿ ಆಯಿತು, ಆ ಮರಿಗಳಲ್ಲೂ ಸಾಧುವಾದವು ಉಳಿದವು. ಜೀಬ್ರಾ ವಿಷಯದಲ್ಲಿ ಈ ಸೋಸುವ ಕೆಲಸ ನಡೆದೇ ಇಲ್ಲ.

ಸೋಸುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ನರಿಗಳ ಪ್ರಯೋಗ ನೋಡಿ. ರಷ್ಯಾದ ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಶುರು ಮಾಡಿದ್ದು. ಪ್ರತಿ ತಲೆಮಾರಿನಲ್ಲೂ ಮನುಷ್ಯರನ್ನು ಕಂಡು ಹೆದರದ ಮರಿಗಳನ್ನಷ್ಟೇ ಆರಿಸಿ ಬೆಳೆಸಿದರು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಜನರನ್ನು ಕಂಡರೆ ಬಾಲ ಅಲ್ಲಾಡಿಸುವ ನರಿಗಳು ಹುಟ್ಟಿದವು. ಜೀಬ್ರಾಗೆ ಅಂಥದ್ದನ್ನು ಯಾರೂ ಪಟ್ಟುಹಿಡಿದು ಮಾಡಲಿಲ್ಲ. ಹಾಗಾಗಿ ಸರ್ಕಸ್ಸಿನ ಲಾಯದಲ್ಲೇ ಹುಟ್ಟಿದ ಜೀಬ್ರಾ ಕೂಡ ಕಾಡುಪ್ರಾಣಿಯೇ. ಅದರ ಅಮ್ಮ ಎಷ್ಟೇ ಆಟ ಕಲಿತಿರಲಿ, ಮರಿಗೆ ಮೊದಲಿನಿಂದ ಶುರು ಮಾಡಬೇಕು.

ಮತ್ತೆ ಅದು ಬದುಕುವ ಜಾಗ ಎಂಥದ್ದು? ಸಿಂಹ, ಕತ್ತೆಕಿರುಬ ಇರುವ ಬಯಲು. ನೀರಿಗೆ ಬಾಯಿ ಹಾಕುವ ಹೊತ್ತಿಗೇ ಮೊಸಳೆ ಹಿಡಿಯುತ್ತದೆ. ಗಂಟೆಗೆ 65 ಕಿಲೋಮೀಟರ್ ವೇಗದಲ್ಲಿ ಓಡುವುದು, ಓಡಲು ಆಗದಿದ್ದರೆ ಒದ್ದು ಕಚ್ಚುವುದು, ಎರಡೇ ದಾರಿ. ಅನುಮಾನ ಬಂದ ಕೂಡಲೇ ಓಡದ ಜೀಬ್ರಾ ಮರಿ ಹಾಕುವಷ್ಟು ದಿನ ಉಳಿಯಲಿಲ್ಲ.

ಸುಮ್ನೆ ಕೇಳ್ದೆ

ಹಾಗಿದ್ದರೆ ಜೀಬ್ರಾ ಗಾಡಿ ಹೇಗೆ ಓಡಿತು? ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ವಾಲ್ಟರ್ ರಾಥ್‌ಚೈಲ್ಡ್ 1890ರ ದಶಕದಲ್ಲಿ ಲಂಡನ್ನಿನ ಬೀದಿಯಲ್ಲಿ ಜೀಬ್ರಾ ಕಟ್ಟಿದ ಗಾಡಿ ಓಡಿಸಿದ್ದಾನೆ. ಗೋವಾ ಮೂಲದ ಡಾಕ್ಟರ್ ರೊಸೆಂಡೊ ರಿಬೇರೊ, ನೈರೋಬಿ ಇನ್ನೂ ಹೊಸ ಊರಾಗಿದ್ದಾಗ, ಜೀಬ್ರಾ ಮೇಲೆ ಕೂತೇ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಎರಡಕ್ಕೂ ಫೋಟೋ ಇದೆ. ಆಗುವುದೇ ಇಲ್ಲ ಅನ್ನಬೇಡಿ.

ಹುಲ್ಲುಬಯಲು

ಆಗುವುದಿಲ್ಲ ಅಂತ ಯಾರು ಹೇಳಿದರು? ನಾನೇ ಇನ್ನೊಂದು ಸೇರಿಸುತ್ತೇನೆ. ಕ್ಯಾಪ್ಟನ್ ಹೊರೇಸ್ ಹೇಯ್ಸ್ ಅನ್ನುವ ಕುದುರೆ ಪರಿಣತ 1891ರಲ್ಲಿ ಬೆಳೆದ ಗಂಡು ಬೆಟ್ಟದ ಜೀಬ್ರಾವೊಂದನ್ನು ಎರಡೇ ದಿನದಲ್ಲಿ ಸವಾರಿಗೆ ಪಳಗಿಸಿದ. ಅವನ ಹೆಂಡತಿ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಪೂರ್ವ ಆಫ್ರಿಕಾದ ತಮ್ಮ ವಸಾಹತಿನಲ್ಲಿ ಜರ್ಮನ್ನರೂ ಪಳಗಿಸಲು ನೋಡಿದರು. ಅಲ್ಲಿ ಟ್ಸೆಟ್ಸೆ ನೊಣ ಹರಡುವ ಕಾಯಿಲೆಗೆ ಕುದುರೆಗಳು ಸಾಯುತ್ತಿದ್ದವು, ಜೀಬ್ರಾ ತಡೆದುಕೊಳ್ಳುತ್ತಿತ್ತು. ಅಷ್ಟು ಅಗತ್ಯ ಇದ್ದರೂ ಜೀಬ್ರಾ ಸಾಕುಪ್ರಾಣಿ ಆಗಲಿಲ್ಲ.

ರಾಥ್‌ಚೈಲ್ಡ್ ಗಾಡಿಯನ್ನು ಸ್ವಲ್ಪ ಸರಿಯಾಗಿ ನೋಡಿ. ನಾಲ್ಕು ಪ್ರಾಣಿಗಳಲ್ಲಿ ಒಂದು ಪೋನಿ. ಆ ಗಾಡಿ ಅರಮನೆಗೆ ಹೋದಾಗ ರಾಜಕುಮಾರಿ ಅಲೆಕ್ಸಾಂಡ್ರಾ ಜೀಬ್ರಾ ಸವರಲು ಕೈ ಚಾಚಿದರಂತೆ, ರಾಥ್‌ಚೈಲ್ಡ್‌ಗೆ ಎದೆ ಧಸಕ್ಕೆಂದಿತಂತೆ. ಜನಜಂಗುಳಿಯ ಬೀದಿಯಲ್ಲಿ ಗಾಡಿ ಎಳೆಯುವಷ್ಟು ಕಲಿತ ಜೀಬ್ರಾ, ಹೊಸಬರು ಮುಟ್ಟಿದರೆ ಏನು ಮಾಡುತ್ತದೋ ಅಂತ ಕಲಿಸಿದವನಿಗೇ ಧೈರ್ಯ ಇರಲಿಲ್ಲ.

ಲಾಯದವ

ಇಷ್ಟು ಹೊತ್ತು ಓದುತ್ತಿದ್ದೆ. ಊರೂರು ತಿರುಗುವ ಕಂಪನಿಯೊಂದರಲ್ಲಿ ಕೆಲವು ವರ್ಷ ಲಾಯ ನೋಡಿಕೊಂಡವನು ನಾನು. ನೀವೆಲ್ಲ ಆಟದ ಬಗ್ಗೆಯೇ ಮಾತಾಡುತ್ತಿದ್ದೀರಿ. ಆಟ ಸುಲಭದ ಭಾಗ ಸ್ವಾಮಿ. ರಿಂಗಿನಲ್ಲಿ ಜೀಬ್ರಾ ಇರುವುದು ದಿನಕ್ಕೆ ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ಅದನ್ನು ಕಟ್ಟಬೇಕು, ಬಿಚ್ಚಬೇಕು, ಲಾರಿ ಹತ್ತಿಸಬೇಕು, ಗೊರಸು ನೋಡಬೇಕು, ಗಾಯ ತೊಳೆಯಬೇಕು, ಔಷಧಿ ಹಾಕಬೇಕು. ಕಷ್ಟ ಇರುವುದು ಅಲ್ಲಿ.

ಆಟ ಯಾಕೆ ಸುಲಭ ಅಂದರೆ, ಜೀಬ್ರಾ ತಾನಾಗಿ ಮಾಡುವುದನ್ನೇ ಆಟ ಮಾಡಿರುತ್ತಾರೆ. ಬಯಲು ಜೀಬ್ರಾಗಳು ಒಂದು ಗಂಡು, ಕೆಲವು ಹೆಣ್ಣು, ಅವುಗಳ ಮರಿ ಹೀಗೆ ಸಂಸಾರವಾಗಿ ಇರುತ್ತವೆ. ಹೆಣ್ಣುಗಳಲ್ಲಿ ಹಿರಿಯ, ಕಿರಿಯ ಅಂತ ಸಾಲು ಇದೆ. ನಡೆಯುವಾಗ ಹಿರಿಯಳು ಮುಂದೆ, ಅವಳ ಮರಿ ಅವಳ ಹಿಂದೆ, ಆಮೇಲೆ ಎರಡನೆಯವಳು. ರಿಂಗಿನಲ್ಲಿ ಸಾಲಾಗಿ ಓಡಿದ್ದು ನೋಡಿದಿರಲ್ಲ, ಅದು ಇದೇ. ಬುದ್ಧಿವಂತ ತರಬೇತುದಾರ ತಾನು ಸಾಲು ಕಟ್ಟಲು ಹೋಗುವುದಿಲ್ಲ. ಬಯಲಿಗೆ ಬಿಟ್ಟು ಯಾರು ಯಾರಿಗೆ ದಾರಿ ಬಿಡುತ್ತಾರೆ ಅಂತ ನೋಡುತ್ತಾನೆ, ಅದೇ ಸಾಲಿನಲ್ಲಿ ರಿಂಗಿಗೆ ತರುತ್ತಾನೆ. ನೋಡಲು ಚೆನ್ನಾಗಿದೆ ಅಂತ ಚಿಕ್ಕವಳನ್ನು ಮುಂದೆ ನಿಲ್ಲಿಸಿದರೆ ಹಿಂದಿನವಳು ಅವಳ ಬಾಲದ ಬುಡಕ್ಕೆ ಬಾಯಿ ಹಾಕುತ್ತಾಳೆ. ಆಟ ಅಲ್ಲಿಗೆ ಕೆಟ್ಟಿತು.

ಶುರು ಹೇಗೆ ಅಂದರೆ, ಹೊಸ ಜೀಬ್ರಾ ಬಂದಾಗ ಏನೂ ಕಲಿಸುವುದಿಲ್ಲ. ಅದರ ಆವರಣದ ಹೊರಗೆ ಸುಮ್ನೆ ಕೂರುವುದು. ಮೇವು ಕೊಡುವವನು ಒಬ್ಬನೇ, ಬಟ್ಟೆ ಕೂಡ ದಿನಾ ಒಂದೇ ಥರ. ಅದು ತಾನಾಗಿ ಹತ್ತಿರ ಬರುವವರೆಗೆ ಒಳಗೆ ಹೋಗಬಾರದು. ಒಂದೇ ಜೀಬ್ರಾವನ್ನು ಯಾವತ್ತೂ ಇಡಬಾರದು, ಒಂಟಿಯಾದರೆ ಕೂಗಿ, ಓಡಾಡಿ, ಮೇವು ಬಿಟ್ಟು ಸೊರಗುತ್ತದೆ. ಆಮೇಲೆ ಖಾಲಿ ರಿಂಗು. ದೀಪ ಇಲ್ಲ, ಬ್ಯಾಂಡು ಇಲ್ಲ, ಜನ ಇಲ್ಲ.

ನಡೆಸುವ ಗುಟ್ಟು ಭುಜದಲ್ಲಿದೆ. ನೀವು ಅದರ ಭುಜಕ್ಕಿಂತ ಸ್ವಲ್ಪ ಹಿಂದೆ ನಿಂತು ಹತ್ತಿರವಾದರೆ ಅದು ಮುಂದೆ ಹೋಗುತ್ತದೆ. ಭುಜಕ್ಕಿಂತ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ತಿರುಗುತ್ತದೆ. ಹೇಳಿದ್ದು ಮಾಡಿತು ಅಂದ ಕೂಡಲೇ ನೀವು ಹಿಂದೆ ಸರಿಯಬೇಕು. ಆ ಹಿಂದೆ ಸರಿಯುವುದೇ ಅದಕ್ಕೆ ಮೊದಲ ಬಹುಮಾನ. ತಿಂಡಿ ಆಮೇಲೆ. ಕುದುರೆಯಾದರೆ ನೀವು ಒಂದು ಹೆಜ್ಜೆ ಜಾಸ್ತಿ ಇಟ್ಟರೂ ತಡೆದುಕೊಳ್ಳುತ್ತದೆ. ಜೀಬ್ರಾ ತಡೆದುಕೊಳ್ಳುವುದಿಲ್ಲ. ಗೋಡೆ ಹಾರುತ್ತದೆ, ಇಲ್ಲವೇ ನಿಮ್ಮ ಮೇಲೆ ಬರುತ್ತದೆ.

ಹೊಸ ಊರಿಗೆ ಹೋದಾಗ ಅರ್ಧ ಪಾಠ ಮತ್ತೆ ಮಾಡಬೇಕು. ನೆಲದ ಮಣ್ಣು ಬೇರೆ, ಡೇರೆಯ ಬಾಗಿಲು ಬೇರೆ ಕಡೆ, ಗಾಳಿ ಬೀಸುವ ದಿಕ್ಕು ಬೇರೆ. ಪಕ್ಕದಲ್ಲಿ ಸಿಂಹದ ಬೋನು ಇದ್ದರಂತೂ ವಾಸನೆ ಬಂದ ದಿನ ಆಟ ಬಿಟ್ಟುಬಿಡುವುದೇ ವಾಸಿ. ಮಾಲೀಕರು ಒಪ್ಪುವುದಿಲ್ಲ, ಅದು ಬೇರೆ ಕಥೆ.

ರಂಗದ ಮಂಜ

ಲಾಯದವ ಅವರೇ, ಇದು ಬಂಗಾರದಂಥ ಮಾಹಿತಿ. ಕಚ್ಚುತ್ತದೆ, ಕಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ನಿಜಕ್ಕೂ ಅಷ್ಟೊಂದಾ?

ಲಾಯದವ

ಹೌದು. ಕಚ್ಚಿದರೆ ಬಿಡುವುದಿಲ್ಲ. ಗಂಡುಗಳು ಕಾದಾಡುವುದೇ ಕಚ್ಚಿ. ಎದುರಾಳಿಯ ಕಾಲು, ಕತ್ತು ಹಿಡಿದು ನೆಲಕ್ಕೆ ಬೀಳಿಸುವುದು. ಗಂಡಿಗೆ ಕೋರೆಹಲ್ಲೂ ಇದೆ. ಕಿವಿ ಹಿಂದಕ್ಕೆ ಮಲಗಿತು, ತಲೆ ತಗ್ಗಿತು, ಬಾಲ ಪಟಪಟ ಬಡಿಯಿತು ಅಂದರೆ ನೀವು ಆಗಲೇ ಬಾಗಿಲ ಹತ್ತಿರ ಇರಬೇಕು. ಕುದುರೆಯೂ ಇದನ್ನೇ ಮಾಡುತ್ತದೆ, ಆದರೆ ಎಚ್ಚರಿಕೆ ಕೊಡುವುದಕ್ಕೂ ಕಚ್ಚುವುದಕ್ಕೂ ನಡುವೆ ನಮಗೆ ಸ್ವಲ್ಪ ಹೊತ್ತು ಸಿಗುತ್ತದೆ. ಜೀಬ್ರಾ ಕೊಡುವ ಹೊತ್ತು ಬಹಳ ಕಡಿಮೆ.

ಎಲ್ಲಕ್ಕಿಂತ ಅಪಾಯ ಬಾಟಲಿ ಹಾಲು ಕುಡಿಸಿ ಸಾಕಿದ ಗಂಡು ಮರಿ. ಚಿಕ್ಕದಿದ್ದಾಗ ಹಿಂದೆ ಹಿಂದೆ ಬರುತ್ತದೆ, ಎಲ್ಲರಿಗೂ ಮುದ್ದು. ಅದಕ್ಕೆ ಮನುಷ್ಯರ ಭಯ ಹೋಗಿರುತ್ತದೆ, ಮನುಷ್ಯರನ್ನೂ ಜೀಬ್ರಾ ಅಂದುಕೊಂಡಿರುತ್ತದೆ. ದೊಡ್ಡದಾದ ಮೇಲೆ ನೀವು ಅದಕ್ಕೆ ಎದುರಾಳಿ ಗಂಡು. ಅದಕ್ಕೇ ಆಟಕ್ಕೆ ಹೆಣ್ಣುಗಳನ್ನು ಅಥವಾ ಬೀಜ ತೆಗೆಸಿದ ಗಂಡುಗಳನ್ನು ಇಡುವುದು ಜಾಸ್ತಿ.

ಸುಮ್ನೆ ಕೇಳ್ದೆ

ಇದಕ್ಕೆ ಸಾಕ್ಷಿ ಬೇಕಾದರೆ 2023ರ ಮಾರ್ಚ್‌ನಲ್ಲಿ ಅಮೆರಿಕದ ಓಹಾಯೋದಲ್ಲಿ ನಡೆದದ್ದು ಇದೆ. ತಾನೇ ಸಾಕಿದ ಗಂಡು ಜೀಬ್ರಾ ಮಾಲೀಕನ ತೋಳು ಕಚ್ಚಿ ಹರಿಯಿತು. ಹೆಣ್ಣುಗಳನ್ನು ಕಾಯುತ್ತಿದ್ದ ಗಂಡು ಅದು. ಸಹಾಯಕ್ಕೆ ಬಂದ ಪೊಲೀಸರು ಕೊನೆಗೆ ಅದಕ್ಕೆ ಗುಂಡು ಹಾರಿಸಬೇಕಾಯಿತು.

ಗೊರಸು ಡಾಕ್ಟ್ರು

ಲಾಯದವ ಹೇಳಿದ ಗೊರಸಿನ ವಿಷಯ ಯಾರೂ ಎತ್ತಿಕೊಳ್ಳಲಿಲ್ಲ, ನಾನು ಎತ್ತಿಕೊಳ್ಳುತ್ತೇನೆ. ಕಾಡಿನಲ್ಲಿ ಕಲ್ಲು ನೆಲದ ಮೇಲೆ ಓಡಾಡಿ ಗೊರಸು ಸವೆಯುತ್ತದೆ. ಮರಳು, ಮರದ ಪುಡಿ ಹಾಕಿದ ಮೆತ್ತನೆ ನೆಲದಲ್ಲಿ ಸವೆಯುವುದಿಲ್ಲ, ಬೆಳೆದು ಸೊಟ್ಟಗಾಗುತ್ತದೆ. ಕುದುರೆಯಾದರೆ ಕಾಲೆತ್ತಿ ಹಿಡಿದು ಕತ್ತರಿಸುತ್ತೇವೆ. ಜೀಬ್ರಾ ಕಾಲೆತ್ತಿ ಹಿಡಿಯಲು ಕೊಡುವುದಿಲ್ಲ. ಓಡುವ ಪ್ರಾಣಿಯ ಕಾಲು ಹಿಡಿದರೆ ಅದಕ್ಕೆ ಪ್ರಾಣವೇ ಹೋದಂತೆ.

ಹಾಗಂತ ಪ್ರತಿ ಸಲ ಮಂಪರು ಕೊಡೋಣ ಅಂದರೆ ಅದೂ ಸುಲಭ ಅಲ್ಲ. ಜೀಬ್ರಾಗೆ ಬಳಸುವ ಎಟಾರ್ಫಿನ್ ಎಷ್ಟು ಬಿರುಸಿನ ಔಷಧಿ ಅಂದರೆ ಕೊಡುವವರ ಮೈಗೆ ಒಂದು ಹನಿ ಸೇರಿದರೂ ಜೀವಕ್ಕೆ ಅಪಾಯ. ಪ್ರತಿಮದ್ದು ಪಕ್ಕದಲ್ಲಿ ಇಟ್ಟುಕೊಂಡೇ ಸಿರಿಂಜ್ ತುಂಬುವುದು. ಅಟ್ಟಿಸಿಕೊಂಡು ಹೋಗಿ ಹಿಡಿದರೆ ಇನ್ನೊಂದು ಸಮಸ್ಯೆ. ಭಯ ಮತ್ತು ಅತಿಯಾದ ಓಟದಿಂದ ಮಾಂಸಖಂಡಗಳು ಒಳಗೇ ಹಾಳಾಗಿ, ಆ ವಿಷ ಮೂತ್ರಪಿಂಡಕ್ಕೆ ಹೋಗಿ, ಹಿಡಿದ ಕೆಲವು ದಿನಗಳ ಮೇಲೆ ಪ್ರಾಣಿ ಸಾಯಬಹುದು.

ಈಗ ಒಳ್ಳೆಯ ಮೃಗಾಲಯಗಳಲ್ಲಿ ಮಾಡುವುದು ಬೇರೆ. ಕೋಲಿನ ತುದಿಗೆ ಒಂದು ಚೆಂಡು. ಅದಕ್ಕೆ ಮೂಗು ತಾಗಿಸಿದರೆ ಟಿಕ್ ಅಂತ ಸದ್ದು, ಕೂಡಲೇ ತಿಂಡಿ. ಹಾಗೇ ಕಲಿಸುತ್ತಾ ಹೋಗಿ, ಬೇಲಿಯ ಪಕ್ಕ ನಿಲ್ಲುವುದು, ಮೈ ಒತ್ತಿ ಕೊಡುವುದು, ಗೊರಸನ್ನು ಹಲಗೆಯ ಮೇಲೆ ಇಡುವುದು, ಸೂಜಿ ಚುಚ್ಚಿಸಿಕೊಳ್ಳುವುದು ಇಷ್ಟನ್ನೂ ಅದೇ ತಾನಾಗಿ ಮಾಡುವಂತೆ ಮಾಡುತ್ತಾರೆ. ಬೇಡ ಅನಿಸಿದರೆ ಎದ್ದು ಹೋಗಬಹುದು. ನಡುವೆ ಬೇಲಿ ಇದ್ದೇ ಇರುತ್ತದೆ. ನನ್ನ ಲೆಕ್ಕದಲ್ಲಿ ಹಿಂಗಾಲ ಮೇಲೆ ನಿಲ್ಲುವ ಜೀಬ್ರಾಗಿಂತ ಗೊರಸು ಕೊಡುವ ಜೀಬ್ರಾ ದೊಡ್ಡ ಸಾಧನೆ. ಅದಕ್ಕೆ ಯಾರೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ ಅಷ್ಟೇ.

ಚಾಟಿ ಬೇಡ

ಚಾಟಿ ಬಗ್ಗೆ ಯಾರೂ ಮಾತಾಡುವುದಿಲ್ಲ ಅಲ್ವಾ? "ಹತ್ತಿರ ಹೋಗುವುದು, ಹಿಂದೆ ಸರಿಯುವುದು" ಅಂತ ಎಷ್ಟು ನಯವಾಗಿ ಹೇಳಿದರೂ ಅದು ಹೆದರಿಸುವುದೇ. ಓಡಿಹೋಗಬೇಕು ಅನ್ನುವ ಪ್ರಾಣಿಗೆ ಓಡಲು ಜಾಗ ಕೊಡದೆ ಸುತ್ತು ಹೊಡೆಸುತ್ತೀರಿ.

ಜೀನು ಲಗಾಮು

ಚಾಟಿ ಇರುವುದು ಹೊಡೆಯಲು ಅಲ್ಲ, ಕೈ ಉದ್ದ ಮಾಡಿಕೊಳ್ಳಲು. 13 ಮೀಟರ್ ರಿಂಗಿನ ನಡುವಿನಿಂದ ಅಂಚಿನವರೆಗೆ ಕೈ ಮುಟ್ಟುವುದಿಲ್ಲವಲ್ಲ. ಜೀಬ್ರಾಗೆ ಹೊಡೆದು ಕಲಿಸಲು ಹೋದವನು ಆಮೇಲೆ ರಿಂಗಿಗೆ ಇಳಿಯುವುದೇ ಕಷ್ಟ. ಹಿಂದೆ ಹೊಡೆದವರು ಇಲ್ಲ ಅಂತ ಹೇಳುವುದಿಲ್ಲ, ಬೇಕಾದಷ್ಟು ಇದ್ದರು.

ಚಾಟಿ ಬೇಡ

ಹೊಡೆಯದಿದ್ದರೆ ಎಲ್ಲ ಸರಿಯಾಯಿತಾ? ಲಾಯದವ ಅವರೇ ಹೇಳಿದ್ದಾರೆ, ಆಟ ಕೆಲವು ನಿಮಿಷ, ಮಿಕ್ಕದ್ದು ಲಾರಿ, ಹಗ್ಗ, ಇಕ್ಕಟ್ಟು ಆವರಣ. ಇಂಗ್ಲೆಂಡ್ 2019ರಲ್ಲಿ ಕಾನೂನು ಮಾಡಿ 2020ರ ಜನವರಿಯಿಂದ ಸರ್ಕಸ್ಸಿನಲ್ಲಿ ಕಾಡುಪ್ರಾಣಿ ನಿಲ್ಲಿಸಿತು. ಆ ಹೊತ್ತಿಗೆ ಅಲ್ಲಿ ಪರವಾನಗಿ ಇದ್ದ ಎರಡೇ ಸರ್ಕಸ್‌ಗಳಲ್ಲಿ ಒಟ್ಟು 19 ಪ್ರಾಣಿ ಉಳಿದಿದ್ದವು. ಸಿಂಹ ಇಲ್ಲ, ಆನೆ ಇಲ್ಲ. ಅವುಗಳಲ್ಲಿ ನಾಲ್ಕು ಜೀಬ್ರಾ. ಬೊಲಿವಿಯಾ 2009ರಲ್ಲೇ ಎಲ್ಲ ಪ್ರಾಣಿಗಳನ್ನೂ ನಿಲ್ಲಿಸಿದೆ. ಹುಲಿಯನ್ನು ಬಿಡಿಸಲು ಜನ ಬೀದಿಗಿಳಿಯುತ್ತಾರೆ. ಜೀಬ್ರಾ ನೋಡಲು ಕುದುರೆ ಥರ ಇದೆ, ಹುಲ್ಲು ತಿನ್ನುತ್ತದೆ, ಅದಕ್ಕೇನು ಕಷ್ಟ ಅಂತ ಸುಮ್ಮನಾಗುತ್ತಾರೆ.

ಲಾಯದವ

ಲಾರಿ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಓಟು. ಜೀಬ್ರಾ ಲಾರಿ ಹತ್ತುವುದನ್ನು ನೋಡಿದವರು ಆಟದ ಬಗ್ಗೆ ಚಪ್ಪಾಳೆ ತಟ್ಟುವುದಿಲ್ಲ.

ಸುಮ್ನೆ ಕೇಳ್ದೆ

ತಪ್ಪಿಸಿಕೊಂಡರೆ ಏನಾಗುತ್ತದೆ ಅನ್ನುವುದೂ ಇದೆ. 2010ರ ಫೆಬ್ರುವರಿಯಲ್ಲಿ ಅಟ್ಲಾಂಟಾದಲ್ಲಿ ಲೀಮಾ ಅನ್ನುವ ಸರ್ಕಸ್ ಜೀಬ್ರಾ ಬೆದರಿ ಹೆದ್ದಾರಿಗೆ ನುಗ್ಗಿತು. ವಾಹನಗಳ ನಡುವೆ ಡಾಂಬರಿನ ಮೇಲೆ ಓಡಿ ಗೊರಸುಗಳು ಹಾಳಾದವು. ಗುಣವಾಗಲಿಲ್ಲ, ದಯಾಮರಣ ಕೊಟ್ಟರು. 2024ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಸಾಗಿಸುತ್ತಿದ್ದ ಟ್ರೇಲರಿನಿಂದ ನಾಲ್ಕು ಹೊರಗೆ ಬಂದವು. ಕೊನೆಯದು ಸಿಕ್ಕಿದ್ದು ಮೇ ತಿಂಗಳಲ್ಲಿ. ದಕ್ಷಿಣ ಕೊರಿಯಾದ ಸೋಲ್ ನಗರದ ಮೃಗಾಲಯದಲ್ಲಿದ್ದ ಸೆರೋ ಅನ್ನುವ ಜೀಬ್ರಾ ಅಪ್ಪ ಅಮ್ಮ ಇಬ್ಬರೂ ಸತ್ತ ಮೇಲೆ ಒಂಟಿಯಾಗಿತ್ತು, 2023ರಲ್ಲಿ ಬೇಲಿ ಮುರಿದು ಬೀದಿಗೆ ಬಂತು. ಒಂಟಿ ಇಡಬಾರದು ಅಂತ ಮೇಲೆ ಹೇಳಿದ್ದು ಇದನ್ನೇ.

ಪಟ್ಟೆ ಹುಚ್ಚ

ಒಂದು ಚಿಕ್ಕ ಸೇರ್ಪಡೆ. ಇಲ್ಲಿ ಎಲ್ಲರೂ ಬಯಲು ಜೀಬ್ರಾ ಬಗ್ಗೆಯೇ ಹೇಳುತ್ತಿದ್ದೀರಿ. ಗ್ರೆವೀಸ್ ಜೀಬ್ರಾ ಅನ್ನುವುದು ಬೇರೆ ಜಾತಿ. 400 ಕಿಲೋ ತೂಗಬಹುದು, ಕಿವಿ ದೊಡ್ಡದು, ಪಟ್ಟೆ ಸಣ್ಣ. ಅದಕ್ಕೆ ಕಾಯಂ ಸಂಸಾರ ಇಲ್ಲ, ಗಂಡು ತನ್ನ ಜಾಗ ಕಾಯುತ್ತದೆ, ಹೆಣ್ಣುಗಳು ಬಂದು ಹೋಗುತ್ತವೆ. ಸಾಲು, ಹಿರಿತನ ಇಲ್ಲದ ಪ್ರಾಣಿಗೆ ಸಾಲಿನ ಆಟ ಕಲಿಸುವುದು ಹೇಗೆ? ಸರ್ಕಸ್ಸಿನಲ್ಲಿ ಬಯಲು ಜೀಬ್ರಾ ಜಾಸ್ತಿ ಕಾಣುವುದಕ್ಕೆ ಸುಲಭವಾಗಿ ಸಿಗುವುದು ಒಂದು ಕಾರಣ, ಇದು ಇನ್ನೊಂದು ಅಂತ ನನ್ನ ಅನಿಸಿಕೆ.

ರಂಗದ ಮಂಜ

ಎಲ್ಲರಿಗೂ ಧನ್ಯವಾದ. ನಾಟಕದ ಗತಿಯೇ ಬದಲಾಯಿತು. ರಿಂಗಿನ ದೃಶ್ಯ ತೆಗೆದುಹಾಕಿ, ಪೂರ್ತಿ ಲಾಯದಲ್ಲೇ ಇಡುತ್ತೇನೆ. ಕೊನೆಯ ಪ್ರಶ್ನೆ: ಮೊದಲ ದೃಶ್ಯದಲ್ಲಿ ನನ್ನ ತರಬೇತುದಾರ ಬೆಳಗ್ಗೆ ಒಳಗೆ ಬರಬೇಕು. ಹೇಗೆ ಬರಲಿ?

ಲಾಯದವ

ಕಾಣಿಸಿಕೊಳ್ಳುವ ಮೊದಲೇ ಮಾತಾಡಲಿ. ಜೀಬ್ರಾಗೆ ದನಿ ಮೊದಲು, ಮನುಷ್ಯ ಆಮೇಲೆ. ನೇರ ಮುಖದ ಕಡೆ ನಡೆಯಬಾರದು, ಹಿಂದಿನಿಂದಂತೂ ಬೇಡವೇ ಬೇಡ. ಓರೆಯಾಗಿ, ಭುಜದ ಕಡೆ. ಬಾಗಿಲು ಹಾಕಿದರೂ ಚಿಲಕ ಹಾಕಬಾರದು, ತನಗೆ ಓಡಲು ದಾರಿ ಬೇಕು. ತಿಂಡಿ ಬಕೆಟ್‌ನಲ್ಲಿರಲಿ, ಅಂಗೈಯಲ್ಲಿ ಅಲ್ಲ. ಅಂಗೈಯಿಂದ ತಿಂದ ಜೀಬ್ರಾ ನಾಳೆ ಬೆರಳು ಹುಡುಕುತ್ತದೆ.

ಜೀನು ಲಗಾಮು

ಮತ್ತೆ ಅವನು ಮಾತಾಡುವಾಗ ಕಣ್ಣು ಯಾವಾಗಲೂ ಕಿವಿಯ ಮೇಲಿರಲಿ. ಪಾತ್ರಧಾರಿಗೆ ಇದೊಂದು ಅಭ್ಯಾಸ ಮಾಡಿಸಿ, ನೋಡಿದವರು ನಂಬುತ್ತಾರೆ.

ರಂಗದ ಮಂಜ

ಹಾಗಾದರೆ ಜೀಬ್ರಾ ವೇಷದ ಹುಡುಗರಿಗೆ ಕಿವಿ ಆಡಿಸಲು ದಾರ ಕಟ್ಟಿಸಬೇಕು. ಮುಖವಾಡ ಮಾಡುವವನು ನನ್ನನ್ನು ಬೈಯುತ್ತಾನೆ, ಬೈಯಲಿ.